ಅಡಿಕೆ ಸೀಮೆಯಲ್ಲಿ ಸೈಕಲ್ ಪ್ರವಾಸ: ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು

ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳ ಪೈಕಿ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಪಶ್ಚಿಮ ಘಟ್ಟದ ನೆತ್ತಿಗೆ ಹೊಂದಿಕೊಂಡಿರುವ ಅಪ್ಪಟ ಮಲೆನಾಡು ಪ್ರದೇಶಗಳಾಗಿರುತ್ತವೆ. ಇಲ್ಲಿನ ಪ್ರತಿಯೊಂದು ಕಣಿವೆಯ ತಳದಲ್ಲಿ ಅಡಿಕೆ ತೋಟ, ಅದರ ಪಕ್ಕದಲ್ಲಿ ಭತ್ತದ ಗದ್ದೆ, ಮೇಲ್ಭಾಗದಲ್ಲಿ ಸೊಪ್ಪಿನ ಬೆಟ್ಟ ಹಾಗೂ ಅದರಾಚೆ ಕಾಡು ಇರುವುದು ಸಾಮಾನ್ಯ ದೃಶ್ಯ. ಫ್ರಾನ್ಸ್, ಇಟಲಿ ಮುಂತಾದ ದೇಶಗಳಲ್ಲಿ ದ್ರಾಕ್ಷಿ ತೋಟಗಳ ನಡುವೆ ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್‌ನಂತೆ ಸಾವಕಾಶವಾಗಿ ಸೈಕಲ್ ತುಳಿಯುತ್ತಾ ರಜೆ ಕಳೆಯುವ ಪದ್ಧತಿ ಬಹುಕಾಲದಿಂದ ಇದೆ. ಕರ್ನಾಟಕದ ದ್ರಾಕ್ಷಿ ಬೆಳೆ ಬಹುಮಟ್ಟಿಗೆ ವಿಜಯಪುರ, ಬಾಗಲಕೋಟೆ, ಚಿಕ್ಕಬಳ್ಳಾಪುರ ಮುಂತಾದ ಬಯಲುಸೀಮೆಯ ಜಿಲ್ಲೆಗಳಲ್ಲಿದೆ. ಮಲೆನಾಡಿನಲ್ಲಿ ದ್ರಾಕ್ಷಿ ಇಲ್ಲ. ಆದರೆ ಒಂದೇ ಬೆಳೆಯನ್ನು ನಂಬಿ ಊರು, ಮನೆ, ಮಾರುಕಟ್ಟೆ, ಹಬ್ಬ, ಸಾಲ ಎಲ್ಲವೂ ನಡೆಯುವ ನಾಡನ್ನು ನಿಧಾನವಾಗಿ ನೋಡಬಯಸುವವರಿಗೆ ಈ ಮೂರು ತಾಲ್ಲೂಕುಗಳಷ್ಟು ಅನುಕೂಲವಾದ ಸ್ಥಳ ರಾಜ್ಯದಲ್ಲಿ ಬೇರೆ ಇರುವುದು ವಿರಳ.

ಈ ಪ್ರವಾಸಕ್ಕೆ ಸಂಬಂಧಿಸಿದ ಮುಖ್ಯ ಸಂಗತಿಯೊಂದನ್ನು ಪ್ರಾರಂಭದಲ್ಲಿಯೇ ತಿಳಿಸುವುದು ಸೂಕ್ತ. ಸೈಕಲ್ ಪ್ರವಾಸಕ್ಕೆ ಹಿತವಾದ ತಿಂಗಳುಗಳೇ ಅಡಿಕೆ ಕೊಯ್ಲಿನ ತಿಂಗಳುಗಳು. ಮಂಗನ ಕಾಯಿಲೆ ಕಾಣಿಸಿಕೊಳ್ಳಲು ಪ್ರಾರಂಭವಾಗುವುದೂ ಬಹುತೇಕ ಅದೇ ಅವಧಿಯಲ್ಲಿ. ಆದುದರಿಂದ ಪ್ರವಾಸಿಗರು ನೋಡತಕ್ಕ ಸ್ಥಳಗಳ ಜೊತೆಗೆ, ತಾವು ಬರುವ ಹೊತ್ತಿನಲ್ಲಿ ಇಲ್ಲಿನ ಜನ ಯಾವ ಕೆಲಸದಲ್ಲಿ ತೊಡಗಿರುತ್ತಾರೆ ಎಂಬುದನ್ನೂ ಅರಿತು ಬರುವುದು ಉಭಯತರಿಗೂ ಒಳಿತು.

ನದಿಯ ಜಾಡು

ಮೂರೂ ತಾಲ್ಲೂಕುಗಳನ್ನು ಒಂದಾಗಿ ಕಟ್ಟಿರುವುದು ಶರಾವತಿ ನದಿ. ತೀರ್ಥಹಳ್ಳಿ ತಾಲ್ಲೂಕಿನ ನೊಣಬೂರು ಸಮೀಪದ ಅಂಬುತೀರ್ಥದಲ್ಲಿ ಹುಟ್ಟುವ ಈ ನದಿಯು ಹೊಸನಗರ ತಾಲ್ಲೂಕನ್ನು ಹಾದು, ಸಾಗರ ತಾಲ್ಲೂಕಿನಲ್ಲಿ ಲಿಂಗನಮಕ್ಕಿ ಜಲಾಶಯವಾಗಿ ಹರಡಿಕೊಂಡು, ಅನಂತರ 253 ಮೀಟರ್ ಎತ್ತರದ ಜೋಗ ಜಲಪಾತವಾಗಿ ಧುಮುಕುತ್ತದೆ. ಸಾಗರದಿಂದ ಹೊರಟು ತೀರ್ಥಹಳ್ಳಿ ತಲುಪುವ ಸೈಕಲ್ ಸವಾರರು ಸ್ಥೂಲವಾಗಿ ನದಿಯ ಪ್ರವಾಹಕ್ಕೆ ಎದುರಾಗಿ, ಅದರ ಮೂಲದ ಕಡೆಗೆ ಸಾಗುತ್ತಾರೆ. ಈ ಲೇಖನದಲ್ಲಿಯೂ ಅದೇ ಕ್ರಮವನ್ನು ಅನುಸರಿಸಲಾಗಿದೆ.

ಇಲ್ಲಿನ ರಸ್ತೆಗಳು ಏಕೆ ಇಷ್ಟು ಸುತ್ತಿ ಬಳಸಿ ಹೋಗುತ್ತವೆ ಎಂಬ ಪ್ರಶ್ನೆ ಹೊಸಬರಲ್ಲಿ ಮೂಡುವುದು ಸಹಜ. ಗುಡ್ಡಗಳು ಒಂದು ಕಾರಣವಾದರೆ, ನೀರು ಮತ್ತೊಂದು ಕಾರಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಅನೇಕ ಗ್ರಾಮಗಳು, ತೋಟಗಳು ಮತ್ತು ರಸ್ತೆಗಳು ಮುಳುಗಡೆಯಾದವು. ಅದಕ್ಕೂ ಮೊದಲು, 1948ರಲ್ಲಿ ಬಳಕೆಗೆ ಬಂದಿದ್ದ ಹಿರೇಭಾಸ್ಕರ ಅಣೆಕಟ್ಟು ಸಹ ಇದೇ ಜಲಾಶಯದ ಒಡಲು ಸೇರಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದರ ಕಟ್ಟಡ ಕಾಣಿಸಿಕೊಳ್ಳುವುದುಂಟು. ಮುಳುಗಡೆಯ ಆಚೆ ದಡದಲ್ಲಿ ಉಳಿದ ತುಮರಿ, ಸಿಗಂದೂರು ಭಾಗದ ಜನರು ಆರು ದಶಕಗಳ ಕಾಲ ತಾಲ್ಲೂಕು ಕೇಂದ್ರಕ್ಕೆ ಬರಲು ಲಾಂಚನ್ನೇ ಅವಲಂಬಿಸಿದ್ದರು. ಆಸ್ಪತ್ರೆ, ಶಾಲೆ, ಕಚೇರಿ ಕೆಲಸ ಯಾವುದಿದ್ದರೂ ಲಾಂಚಿನ ವೇಳೆಗೆ ಕಾಯುವುದು ಅನಿವಾರ್ಯವಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸುಮಾರು 2.4 ಕಿ.ಮೀ. ಉದ್ದದ ಸೇತುವೆ ಸಂಚಾರಕ್ಕೆ ಮುಕ್ತವಾಯಿತು. ಸಾಗರದಿಂದ ಒಂದು ದಿನವನ್ನು ಈ ಸೇತುವೆಗೆ ಮೀಸಲಿಡಬಹುದು. ಸೇತುವೆಯ ಮೇಲೆ ಗಾಳಿ ಜೋರಾಗಿರುವುದರಿಂದ ಸೈಕಲ್ ಸವಾರರು ಎಡಬದಿಯಲ್ಲಿ ಜಾಗರೂಕತೆಯಿಂದ ಸಾಗತಕ್ಕದ್ದು. ಭಾವಚಿತ್ರ ತೆಗೆಯಲು ವಾಹನಗಳ ಮಧ್ಯೆ ನಿಲ್ಲಬಾರದು.

ತಲುಪುವ ವಿಧಾನ

ಸಾಗರವು ಶಿವಮೊಗ್ಗದಿಂದ ಸುಮಾರು 72 ಕಿ.ಮೀ. ದೂರದಲ್ಲಿದ್ದು, ಸಾಗರ ಜಂಬಗಾರು ಎಂಬ ಹೆಸರಿನ ರೈಲು ನಿಲ್ದಾಣವನ್ನು ಹೊಂದಿರುತ್ತದೆ. ಬೆಂಗಳೂರು ಮತ್ತು ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರೈಲುಗಳು ಇಲ್ಲಿ ನಿಲ್ಲುತ್ತವೆ. ಸೈಕಲ್ಲನ್ನು ಬೋಗಿಯೊಳಗೆ ಕೊಂಡೊಯ್ಯದೆ, ಹೊರಡುವ ನಿಲ್ದಾಣದ ಲಗೇಜು ಕಚೇರಿಯಲ್ಲಿ ನೋಂದಾಯಿಸಿ ಬ್ರೇಕ್ ವ್ಯಾನಿನಲ್ಲಿ ಸಾಗಿಸಬೇಕಾಗುತ್ತದೆ. ಸಾಕಷ್ಟು ಮುಂಚಿತವಾಗಿ ನಿಲ್ದಾಣ ತಲುಪುವುದು, ಸೈಕಲ್ಲಿಗೆ ಹೆಸರು ಮತ್ತು ತಲುಪುವ ನಿಲ್ದಾಣದ ಚೀಟಿ ಕಟ್ಟುವುದು ಹಾಗೂ ರಸೀದಿಯನ್ನು ಜೋಪಾನವಾಗಿಡುವುದು ಅವಶ್ಯಕ. ಹೊಸನಗರ ಮತ್ತು ತೀರ್ಥಹಳ್ಳಿ ಪಟ್ಟಣಗಳಿಗೆ ರೈಲು ಸಂಪರ್ಕ ಇರುವುದಿಲ್ಲ. ಶಿವಮೊಗ್ಗ ಮತ್ತು ಸಾಗರದ ನಡುವೆ ಇದೇ ಮಾರ್ಗದಲ್ಲಿರುವ ಅರಸಾಳು ನಿಲ್ದಾಣ ಹೊಸನಗರ ತಾಲ್ಲೂಕಿಗೆ ಸೇರಿದ್ದು. ಶಂಕರ್ ನಾಗ್ ನಿರ್ದೇಶನದ ಮಾಲ್ಗುಡಿ ಡೇಸ್ ಧಾರಾವಾಹಿಯಲ್ಲಿ ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಾಣಿಸಿಕೊಂಡಿದ್ದು ಇದೇ.

ಸಾಗರ: ಅಳತೆಗೋಲಿನ ಊರು

ಮೊದಲ ದಿನವನ್ನು ಸಾಗರದ ಸುತ್ತಮುತ್ತ ಕಳೆಯುವುದು ಕಾಲಿಗೂ ಹಿತ, ಮನಸ್ಸಿಗೂ ಹಿತ. ಪಟ್ಟಣದ ಉತ್ತರಕ್ಕೆ ಕೆಳದಿ, ದಕ್ಷಿಣಕ್ಕೆ ಇಕ್ಕೇರಿ; ಎರಡೂ ಹತ್ತು ಕಿ.ಮೀ. ಒಳಗಿರುತ್ತವೆ. ಕೆಳದಿಯ ನಾಯಕರು ಮೊದಲು ಕೆಳದಿಯಿಂದ, ಬಳಿಕ ಇಕ್ಕೇರಿಯಿಂದ, ಕೊನೆಗೆ ಹೊಸನಗರ ತಾಲ್ಲೂಕಿನ ಬಿದನೂರಿನಿಂದ ಆಳ್ವಿಕೆ ನಡೆಸಿದರು. ಅಂದರೆ ರಾಜಧಾನಿ ಸರಿದ ದಿಕ್ಕಿನಲ್ಲಿಯೇ ಈ ಪ್ರವಾಸವೂ ಸಾಗುತ್ತದೆ.

ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನು ಶಿಲ್ಪಕಲೆಗಾಗಿ ನೋಡುವವರೇ ಹೆಚ್ಚು. ಅಡಿಕೆ ಸೀಮೆಯ ಪ್ರವಾಸಿಗರು ಇನ್ನೊಂದು ಕಾರಣಕ್ಕಾಗಿಯೂ ಅದನ್ನು ನೋಡಬೇಕು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು ಜಾರಿಗೆ ತಂದ ಭೂಕಂದಾಯ ವ್ಯವಸ್ಥೆಯು ಶಿವಪ್ಪನಾಯಕನ ಶಿಸ್ತು ಎಂದೇ ಪ್ರಸಿದ್ಧ. ಪ್ರತಿ ಗ್ರಾಮದಲ್ಲಿ ಪ್ರತಿಯೊಂದು ದರ್ಜೆಯ ಒಂದೊಂದು ಹೊಲವನ್ನು ಸತತ ಹನ್ನೆರಡು ವರ್ಷ ಅರಸನ ಖರ್ಚಿನಲ್ಲಿಯೇ ಬೇಸಾಯ ಮಾಡಿಸಿ, ಬಿತ್ತಿದ ಬೀಜ, ತಗಲಿದ ವೆಚ್ಚ, ಬಂದ ಇಳುವರಿ ಹಾಗೂ ಅದರ ಬೆಲೆಯನ್ನು ಲೆಕ್ಕವಿಟ್ಟು, ಸರಾಸರಿ ತೆಗೆದು, ಅದರ ಆಧಾರದ ಮೇಲೆ ಕಂದಾಯವನ್ನು ಗೊತ್ತುಪಡಿಸಲಾಯಿತೆಂದು ಹಳೆಯ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಾಗಿರುತ್ತದೆ. ಹದಿನೈದು ವರ್ಷದ ಆಳ್ವಿಕೆಯಲ್ಲಿ ಹನ್ನೆರಡು ವರ್ಷ ಲೆಕ್ಕ ಹಿಡಿದು ಕಾಯ್ದ ಅರಸರು ಅಪರೂಪ. ಗದ್ದೆಗೆ ಹೀಗಾದರೆ, ಅಡಿಕೆ ತೋಟಕ್ಕೆ ಅಳತೆಗೋಲು ಬೇರೆಯೇ ಇತ್ತು. ಇಕ್ಕೇರಿ ದೇವಾಲಯದ ಕಲ್ಲಿನ ಅಳತೆಯೊಂದನ್ನೇ ಪ್ರಮಾಣವಾಗಿಟ್ಟುಕೊಂಡು ಸುಮಾರು 18 ಅಡಿ 6 ಅಂಗುಲದ ಕೋಲಿನಿಂದ ತೋಟದ ಭೂಮಿಯನ್ನು ಅಳೆಯಲಾಗುತ್ತಿತ್ತು. ಆ ಅಳತೆಗೆ ದಾಯ ಎಂದು ಹೆಸರು. ಕಂದಾಯದ ಅಳತೆ ಎಲ್ಲರ ಕಣ್ಣೆದುರು ಕಲ್ಲಿನಲ್ಲಿಯೇ ಇದ್ದುದರಿಂದ, ಕೋಲು ಉದ್ದವೋ ಗಿಡ್ಡವೋ ಎಂಬ ತಕರಾರನ್ನು ಯಾರು ಬೇಕಾದರೂ ದೇವಾಲಯಕ್ಕೆ ಹೋಗಿ ಪರೀಕ್ಷಿಸಬಹುದಾಗಿತ್ತು.

ಸಂಜೆಯ ಹೊತ್ತಿಗೆ ಹೆಗ್ಗೋಡಿಗೆ ಹೋಗಿಬರಬಹುದು. 1949ರಲ್ಲಿ ಇಲ್ಲಿ ಪ್ರಾರಂಭವಾದ ನೀನಾಸಮ್ ಸಂಸ್ಥೆಯು ಹಳ್ಳಿಯೊಂದರಲ್ಲಿ ರಂಗಭೂಮಿಯನ್ನು ಕಟ್ಟಿದ ಬಗೆ ನಾಡಿನಾದ್ಯಂತ ತಿಳಿದಿರುವಂಥದ್ದು. ಅದರ ಸ್ಥಾಪಕರಲ್ಲೊಬ್ಬರಾದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಲಭಿಸಿತು. ಸಂಸ್ಥೆಯನ್ನು ಬೆಳೆಸಿದವರಲ್ಲಿ ಅನೇಕರು ಅಡಿಕೆ ಕೃಷಿಕರೇ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಗಳಿಗೊಮ್ಮೆ ನಡೆಯುತ್ತದೆ. ಆ ದಿನಗಳಲ್ಲಿ ಪಟ್ಟಣದಲ್ಲಿ ತಂಗಲು ಸ್ಥಳ ದೊರೆಯುವುದು ಕಷ್ಟ.

ತೋಟದ ಕೆಲಸ ಮತ್ತು ನೀಲಿ ದ್ರಾವಣದ ಕಥೆ

ಅಕ್ಟೋಬರ್‌ನಿಂದ ಜನವರಿಯವರೆಗೆ ಈ ಮಾರ್ಗದಲ್ಲಿ ಸಾಗುವವರಿಗೆ ಮನೆಯಂಗಳದ ಅಡಿಕೆ ಚಪ್ಪರಗಳು, ಒಲೆಯ ಮೇಲೆ ಕುದಿಯುತ್ತಿರುವ ಹಂಡೆಗಳು ಮತ್ತು ಚೊಗರಿನ ವಾಸನೆ ಎಲ್ಲೆಡೆ ಎದುರಾಗುತ್ತವೆ. ಕೊನೆಗಾರನು ಮರವೇರಿ ಹಸಿರು ಗೊನೆಗಳನ್ನು ಇಳಿಸುತ್ತಾನೆ. ಹಿಂದೆ ರಾತ್ರಿಯಿಡೀ ನೆರೆಹೊರೆಯವರು ಸೇರಿ ಮೆಟ್ಟುಗತ್ತಿಯಲ್ಲಿ ಸುಲಿಯುತ್ತಿದ್ದ ಕೆಲಸವನ್ನು ಈಗ ಅನೇಕ ಕಡೆ ಯಂತ್ರಗಳು ಮಾಡುತ್ತಿವೆ. ಸುಲಿದ ಅಡಿಕೆಯನ್ನು ಚೊಗರಿನಲ್ಲಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಾಗಲು ಬಿಟ್ಟು ಸಿಪ್ಪೆಸಹಿತ ಒಣಗಿಸಿ ಸುಲಿದರೆ ಚಾಲಿ. ಕೆಂಪಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳಿದ್ದು, ಒಂದೇ ತೋಟದ, ಒಂದೇ ಗೊನೆಯ ಅಡಿಕೆ ಕೊಯ್ದ ಸಮಯಕ್ಕನುಗುಣವಾಗಿ ಬೇರೆ ಬೇರೆ ದರ ಪಡೆಯುತ್ತದೆ. ಎಳೆಯದಿರುವಾಗ ಕೊಯ್ದರೆ ತೂಕ ಕಡಿಮೆ, ದರ ಹೆಚ್ಚು. ಬಲಿತ ಮೇಲೆ ಕೊಯ್ದರೆ ತೂಕ ಹೆಚ್ಚು, ದರ ಕಡಿಮೆ. ಯಾವ ದಿನ ಕೊನೆ ಇಳಿಸಬೇಕೆಂಬುದೇ ವರ್ಷದ ದೊಡ್ಡ ತೀರ್ಮಾನ. ಮಾರಾಟದ ವಿಷಯದಲ್ಲಿ ಬೆಳೆಗಾರರ ಸಹಕಾರ ಸಂಘಗಳ ಪಾತ್ರ ಮಹತ್ವದ್ದು. ಶಿವಮೊಗ್ಗದಲ್ಲಿ ಕೇಂದ್ರ ಕಚೇರಿ ಹೊಂದಿರುವ ಮಾಮ್ಕೋಸ್ 1939ರಷ್ಟು ಹಿಂದಿನದು.

ಮಳೆಗಾಲದಲ್ಲಿ ಈ ತೋಟಗಳ ಚಿತ್ರ ಬೇರೆ. ಜೂನ್ ಜುಲೈ ತಿಂಗಳ ಬಿಡದ ಮಳೆಯಲ್ಲಿ ಕೊಳೆರೋಗ ತಗಲಿದರೆ ಎಳೆಯ ಕಾಯಿಗಳು ಕೆಲವೇ ದಿನಗಳಲ್ಲಿ ಉದುರಿ ಹೋಗುತ್ತವೆ. ಇದನ್ನು ತಡೆಯಲು ಹಿಂದಿನವರು ಪ್ರತಿ ಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಮಲೆನಾಡಿನ ತೋಟಗಳಲ್ಲಿಯೇ ಅಧ್ಯಯನ ಮಾಡಿ, 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅವರು ಬಳಕೆಗೆ ತಂದ ಔಷಧಿಯೇ ಇಂದಿಗೂ ಎಲ್ಲ ಬೆಳೆಗಾರರಿಗೆ ಪರಿಚಿತವಾದ ಬೋರ್ಡೊ ದ್ರಾವಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಶೇ. 1ರ ದ್ರಾವಣಕ್ಕೆ ಬೇಕಾದುದು ಇಷ್ಟೇ.

ಬೋರ್ಡೊ ಎಂಬುದು ಫ್ರಾನ್ಸಿನ ದ್ರಾಕ್ಷಾರಸದ ಸೀಮೆಯ ಹೆಸರು. ಅಲ್ಲಿನ ಬೆಳೆಗಾರರು ದಾರಿಹೋಕರು ದ್ರಾಕ್ಷಿ ಕೀಳುವುದನ್ನು ತಪ್ಪಿಸಲು, ರಸ್ತೆ ಬದಿಯ ಬಳ್ಳಿಗಳಿಗೆ ಮಾತ್ರ ಮೈಲುತುತ್ತ ಮತ್ತು ಸುಣ್ಣದ ನೀಲಿ ಮಿಶ್ರಣವನ್ನು ಎರಚುತ್ತಿದ್ದರು. ಬಣ್ಣ ಕಂಡವರು ವಿಷವೆಂದು ಹೆದರಿ ಮುಟ್ಟುತ್ತಿರಲಿಲ್ಲ. 1882ರಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಅವರು ಆ ದಾರಿಯಲ್ಲಿ ಹೋಗುವಾಗ, ರಸ್ತೆ ಬದಿಯ ಬಳ್ಳಿಗಳಲ್ಲಿ ಎಲೆಗಳು ಉಳಿದಿರುವುದನ್ನೂ ಒಳಗಿನ ಬಳ್ಳಿಗಳು ಬೂಜುರೋಗಕ್ಕೆ ತುತ್ತಾಗಿರುವುದನ್ನೂ ಗಮನಿಸಿದರು. 1885ರ ಹೊತ್ತಿಗೆ ಅವರ ಪ್ರಯೋಗಗಳು ಪ್ರಕಟವಾದವು. ದಾರಿಹೋಕರ ಕಾಟಕ್ಕೆಂದು ಮಾಡಿದ ಉಪಾಯ ಕಾಲು ಶತಮಾನದೊಳಗೆ ಮಲೆನಾಡಿನ ಅಡಿಕೆಯನ್ನು ಕಾಯುವ ಔಷಧಿಯಾಯಿತು. ಸಾಗರದ ಕಡೆಯ ಮನೆಗಳಲ್ಲಿ ನೀಲಿ ಕಲೆ ಹಿಡಿದ ಹಳೆಯ ಡ್ರಮ್ಮುಗಳನ್ನು ಕಂಡಾಗ ಪ್ರವಾಸಿಗರು ಈ ಸಂಬಂಧವನ್ನು ನೆನಪಿಸಿಕೊಳ್ಳಬಹುದು.

ದಾರಿಹೋಕರ ವಿಷಯ ಬಂದುದರಿಂದ ಇಲ್ಲಿಯೇ ಹೇಳಬೇಕಾದ ಮಾತೊಂದಿದೆ. ತೋಟಗಳು ಖಾಸಗಿ ಸ್ವತ್ತಾಗಿದ್ದು, ಬೇಲಿ ಇರಲಿ ಇಲ್ಲದಿರಲಿ, ಮಾಲೀಕರ ಅನುಮತಿ ಪಡೆಯದೆ ಒಳಗೆ ಪ್ರವೇಶಿಸತಕ್ಕದ್ದಲ್ಲ. ಕೊನೆ ಇಳಿಸುವ ಮರದ ಕೆಳಗೆ ನಿಲ್ಲುವುದು ಅಪಾಯಕರ. ಅಂಗಳದಲ್ಲಿ ಹರಡಿದ ಅಡಿಕೆಯ ಮೇಲೆ ಸೈಕಲ್ ಹಾಯಿಸುವುದು, ಮುಷ್ಟಿಯಷ್ಟು ಎತ್ತಿಕೊಳ್ಳುವುದು ಸಣ್ಣ ವಿಷಯವೆಂದು ತೋರಬಹುದು. ಮನೆಯವರಿಗೆ ಅದು ವರ್ಷದ ದುಡಿಮೆ. ಕೇಳಿ ಒಳಹೋದವರಿಗೆ ಇಲ್ಲಿ ಮಜ್ಜಿಗೆಯಾದರೂ ದೊರೆಯದೆ ಇರುವುದಿಲ್ಲ.

ಕೆಲವು ವರ್ಷಗಳಿಂದ ಎಲೆಚುಕ್ಕೆ ರೋಗವೆಂಬ ಮತ್ತೊಂದು ಶಿಲೀಂಧ್ರ ರೋಗ ಮೂರೂ ತಾಲ್ಲೂಕುಗಳಲ್ಲಿ ವ್ಯಾಪಿಸಿದ್ದು, ಗಾಳಿ ಮಳೆಯ ಮೂಲಕ ಹರಡುವ ಕಾರಣ ಒಬ್ಬರ ಎಚ್ಚರಿಕೆಯಿಂದ ಮಾತ್ರ ತಡೆಯಲು ಸಾಧ್ಯವಾಗುತ್ತಿಲ್ಲ. ರಸ್ತೆಯಿಂದಲೇ ಕಂದು ಚುಕ್ಕೆ ಬಿದ್ದು ಜೋತ ಸೋಗೆಗಳನ್ನು ಕಾಣಬಹುದು. ಅಂಥ ತೋಟದೆದುರು ನಿಂತು ಫಸಲೆಷ್ಟು ಎಂದು ವಿಚಾರಿಸದಿರುವುದೇ ಮೇಲು. ಸೋಗೆ, ಹಾಳೆಗಳನ್ನು ನೆನಪಿಗೆಂದು ಒಂದು ತೋಟದಿಂದ ಮತ್ತೊಂದು ಊರಿಗೆ ಒಯ್ಯದಿರಲು ಕೋರಲಾಗಿದೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೇಂದ್ರ ಆವರಣ ಹೊಂದಿರುವ, ಶಿವಪ್ಪನಾಯಕನ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಈ ಮಾರ್ಗದ ಸಮೀಪವೇ ಇದೆ. ಅಡಿಕೆ ಸೇವನೆಯ ಕುರಿತು ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಪದಾರ್ಥಗಳ ಪಟ್ಟಿಗೆ ಸೇರಿಸಿದೆ. ಈ ಸಂಗತಿ ಬೆಳೆಗಾರರಿಗೂ ತಿಳಿದಿದೆ, ಅವರನ್ನು ಚಿಂತೆಗೀಡುಮಾಡಿಯೂ ಇದೆ.

ಹೊಸನಗರ ಮತ್ತು ನಗರ

ಸಾಗರದಿಂದ ಹೊಸನಗರದ ರಸ್ತೆಯಲ್ಲಿ ಏರು ಇಳಿತಗಳು ಒಂದರ ಹಿಂದೆ ಒಂದು ಬರುತ್ತವೆ. ದೂರ ಹೆಚ್ಚಿಲ್ಲವೆಂದು ತಡವಾಗಿ ಹೊರಡುವವರು ಮಧ್ಯಾಹ್ನದ ಬಿಸಿಲಿಗೆ ಸಿಲುಕುತ್ತಾರೆ. ಬೆಳಗಿನ ಇಬ್ಬನಿ ಕರಗುವ ಹೊತ್ತಿಗೆ ಹೊರಟು ಊಟದ ವೇಳೆಗೆ ಹೊಸನಗರ ತಲುಪುವುದು ಉತ್ತಮ. ಹೊಸನಗರದ ಹಳೆಯ ಹೆಸರು ಕಲ್ಲೂರುಕಟ್ಟೆ. ತಾಲ್ಲೂಕು ಕೇಂದ್ರವು ನಗರದಿಂದ ಇಲ್ಲಿಗೆ ವರ್ಗಾವಣೆಯಾದಾಗ ಹೊಸ ನಗರವೆಂಬ ಹೆಸರು ಬಂದಿತು. ಕಚೇರಿಯೊಡನೆ ಊರಿನ ಹೆಸರೂ ವರ್ಗವಾದ ಉದಾಹರಣೆ ಇದು.

ಹಳೆಯ ನಗರವು ಇಲ್ಲಿಂದ ಸುಮಾರು 17 ಕಿ.ಮೀ. ದೂರದಲ್ಲಿದೆ. ಬಿದನೂರು ಎಂಬ ಹೆಸರಿನಿಂದ ಕೆಳದಿ ಅರಸರ ಕೊನೆಯ ರಾಜಧಾನಿಯಾಗಿದ್ದ ಈ ಊರನ್ನು 1763ರಲ್ಲಿ ಹೈದರಾಲಿ ವಶಪಡಿಸಿಕೊಂಡು ಹೈದರನಗರವೆಂದು ಕರೆದನು. ಜನರ ಬಾಯಲ್ಲಿ ನಗರವಷ್ಟೇ ಉಳಿಯಿತು. ಕೋಟೆಯು ರಸ್ತೆಯ ಪಕ್ಕದಲ್ಲಿಯೇ ಇರುವುದರಿಂದ ಸೈಕಲ್ ಸವಾರರಿಗೆ ಹೆಚ್ಚು ಸುತ್ತು ಆಗುವುದಿಲ್ಲ. ಸಮೀಪದ ದೇವಗಂಗೆಯ ಕೊಳಗಳನ್ನು ಅವಶ್ಯ ನೋಡಬೇಕು. ಶತಮಾನಗಳ ನಂತರವೂ ನೀರು ತಿಳಿಯಾಗಿದೆ. ಸೋಪು ಬಳಸಿ ಸ್ನಾನ ಮಾಡುವುದು, ಕೊಳಕ್ಕೆ ತಿಂಡಿ ಪೊಟ್ಟಣ ಎಸೆಯುವುದು ಬೇಡ. ಜೈನ ಕ್ಷೇತ್ರವಾದ ಹುಂಚ ಮತ್ತು 1,343 ಮೀಟರ್ ಎತ್ತರದ ಕೊಡಚಾದ್ರಿಯೂ ಇದೇ ತಾಲ್ಲೂಕಿನಲ್ಲಿವೆ. ಕೊಡಚಾದ್ರಿಯ ಮೇಲಿನ ದಾರಿ ಸಾಮಾನ್ಯ ಸೈಕಲ್ಲುಗಳಿಗೆ ತಕ್ಕುದಲ್ಲ.

ನಗರದಿಂದ ಮುಂದೆ ಹುಲಿಕಲ್ ಕಡೆಗಿನ ಪ್ರದೇಶವು ರಾಜ್ಯದಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಒಂದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬೀಳುವುದು, ಗುಡ್ಡ ಕುಸಿಯುವುದು ಸಾಮಾನ್ಯವಾದ್ದರಿಂದ ಆ ಅವಧಿಯಲ್ಲಿ ಈ ಪ್ರವಾಸವನ್ನು ಕೈಗೊಳ್ಳಬಾರದು. ಮಳೆಯಲ್ಲಿ ಮಲೆನಾಡನ್ನು ನೋಡಬೇಕೆಂಬ ಆಸೆ ಇರುವವರು ಬಸ್ಸಿನಲ್ಲಿ ಬರುವುದು ಕ್ಷೇಮ.

ಮಂಗನ ಕಾಯಿಲೆ ಕುರಿತು ಎಚ್ಚರಿಕೆ

ಕ್ಯಾಸನೂರು ಕಾಡಿನ ಕಾಯಿಲೆ ಎಂದು ವೈದ್ಯಕೀಯವಾಗಿ ಕರೆಯಲ್ಪಡುವ ಈ ರೋಗವು 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಸೋಂಕಿತ ಉಣ್ಣೆ ಅಥವಾ ಉಣುಗು ಕಚ್ಚುವುದರಿಂದ ಮನುಷ್ಯರಿಗೆ ಬರುತ್ತದೆ; ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇದರ ಕಾಲ. 2018-19ರ ಸಾಲಿನಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ರೋಗ ಉಲ್ಬಣಿಸಿ ಸಾವುಗಳು ಸಂಭವಿಸಿದವು. ಸೊಪ್ಪು, ದರಗು, ಸೌದೆಗಾಗಿ ಕಾಡಿಗೆ ಹೋಗಲೇಬೇಕಾದ ಜನರೇ ಇದಕ್ಕೆ ಹೆಚ್ಚಾಗಿ ಬಲಿಯಾಗುತ್ತಾರೆ. ಪ್ರವಾಸಿಗರಿಗೆ ಅಂಥ ಅನಿವಾರ್ಯತೆ ಇರುವುದಿಲ್ಲವಾದ್ದರಿಂದ, ರಸ್ತೆ ಬಿಟ್ಟು ಕಾಡಿನೊಳಗೆ ಹೋಗದಿದ್ದರೆ ಅಪಾಯ ಬಹುಪಾಲು ದೂರವಾಗುತ್ತದೆ.

ಆದರೂ ದಣಿದ ಸವಾರರು ಮರದ ನೆರಳಿನ ತರಗೆಲೆಯ ಮೇಲೆ ಒರಗುವುದು ಸಹಜ, ಮತ್ತು ಉಣ್ಣೆಗಳು ಇರುವುದು ಅಲ್ಲಿಯೇ. ಬಸ್ ತಂಗುದಾಣ, ಅಂಗಡಿಯ ಜಗಲಿ, ಸೇತುವೆಯ ಕಟ್ಟೆಯಂಥ ಸ್ಥಳಗಳಲ್ಲಿ ವಿಶ್ರಮಿಸತಕ್ಕದ್ದು. ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು ಧರಿಸುವುದು ಹಾಗೂ ಸಂಜೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಮೈಯನ್ನು ಪರೀಕ್ಷಿಸಿಕೊಳ್ಳುವುದು ಅವಶ್ಯಕ. ಆರೋಗ್ಯ ಇಲಾಖೆಯು ಬಾಧಿತ ಗ್ರಾಮಗಳಲ್ಲಿ ಉಣ್ಣೆ ನಿರೋಧಕ ತೈಲವನ್ನು ವಿತರಿಸುತ್ತದೆ; ಅದರ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಹಿಂದೆ ನೀಡಲಾಗುತ್ತಿದ್ದ ಲಸಿಕೆಯನ್ನು ನಿಲ್ಲಿಸಲಾಗಿದೆ. ಸತ್ತ ಮಂಗ ಕಂಡುಬಂದಲ್ಲಿ ಹತ್ತಿರ ಹೋಗದೆ, ಗ್ರಾಮ ಪಂಚಾಯಿತಿಗೆ ಅಥವಾ ಆರೋಗ್ಯ ಕಾರ್ಯಕರ್ತರಿಗೆ ಸ್ಥಳದ ಮಾಹಿತಿ ನೀಡುವುದು ಪ್ರವಾಸಿಗರಿಂದ ಈ ಊರಿಗೆ ಆಗಬಹುದಾದ ದೊಡ್ಡ ಉಪಕಾರ. ಊರಿಗೆ ಮರಳಿದ ಬಳಿಕ ಹತ್ತು ದಿನಗಳೊಳಗೆ ಹಠಾತ್ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ, ಮಲೆನಾಡಿಗೆ ಹೋಗಿಬಂದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ದೂರದ ನಗರಗಳ ವೈದ್ಯರಿಗೆ ಈ ಕಾಯಿಲೆ ಮೊದಲಿಗೆ ಹೊಳೆಯದಿರಬಹುದು.

ತೀರ್ಥಹಳ್ಳಿ

ನಗರದಿಂದ ತೀರ್ಥಹಳ್ಳಿಗೆ ಹೋಗುವವರು ದಾರಿಯಲ್ಲಿ ಕವಲೇದುರ್ಗಕ್ಕೆ ಭೇಟಿ ನೀಡಬಹುದು. ಕೋಟೆಯ ಬುಡದಲ್ಲಿ ಸೈಕಲ್ ಬಿಟ್ಟು ಗದ್ದೆಯಂಚಿನಿಂದ ಕಲ್ಲುಹಾಸಿನ ದಾರಿಯಲ್ಲಿ ನಡೆದೇ ಏರಬೇಕು. ಅಂಬುತೀರ್ಥದಲ್ಲಿ ಶ್ರೀರಾಮನು ಬಾಣ ಪ್ರಯೋಗಿಸಿದಲ್ಲಿ ನೀರು ಚಿಮ್ಮಿತೆಂಬ ನಂಬಿಕೆ ಇದೆ. ಅಂಬು ಎಂದರೂ ಶರ ಎಂದರೂ ಬಾಣವೇ. ಜೋಗದ ಭೋರ್ಗರೆತ, ಲಿಂಗನಮಕ್ಕಿಯ ಹರವು ನೋಡಿ ಬಂದವರಿಗೆ ಮೂಲದ ಸಣ್ಣ ಹರಿವನ್ನು ಕಂಡಾಗ ಆಶ್ಚರ್ಯವಾಗದಿರದು.

ತೀರ್ಥಹಳ್ಳಿ ಪಟ್ಟಣವು ತುಂಗಾ ನದಿಯ ದಡದಲ್ಲಿದೆ. ರಾಮೇಶ್ವರ ದೇವಾಲಯದ ಎಳ್ಳಮಾವಾಸ್ಯೆ ಜಾತ್ರೆಯ ದಿನಗಳಲ್ಲಿ ಪಟ್ಟಣ ತುಂಬಿ ತುಳುಕುವುದರಿಂದ ಪಂಚಾಂಗ ನೋಡಿ ದಿನ ಗೊತ್ತುಪಡಿಸಿಕೊಳ್ಳುವುದು ಒಳ್ಳೆಯದು. ಕುಪ್ಪಳಿಯ ಕವಿಮನೆ ಮತ್ತು ಕವಿಶೈಲಕ್ಕೆ ಒಂದು ಪೂರ್ಣ ದಿನವಾದರೂ ಬೇಕು. ರಾಷ್ಟ್ರಕವಿ ಕುವೆಂಪು ಅವರ ಬಾಲ್ಯದ ಮನೆಯಾದ ಇದನ್ನು ನೋಡುವಾಗ ಪುಸ್ತಕ, ಭಾವಚಿತ್ರಗಳಷ್ಟೇ ಅಲ್ಲದೆ ಒಂದು ತೊಟ್ಟಿಮನೆಯ ಕಣಜ, ಬಾಣಂತಿ ಕೋಣೆ, ಬೇಸಾಯದ ಸಲಕರಣೆಗಳನ್ನೂ ಸಾವಧಾನವಾಗಿ ಗಮನಿಸಿದಲ್ಲಿ, ನಾಲ್ಕು ದಿನ ರಸ್ತೆಯಿಂದ ಹೊರಗೆ ನೋಡಿದ ಮನೆಗಳ ಒಳಭಾಗ ಅರ್ಥವಾಗುತ್ತದೆ. ಆಗುಂಬೆಯ ಸೂರ್ಯಾಸ್ತ ಪ್ರಸಿದ್ಧವಾಗಿದ್ದರೂ ಅದನ್ನು ನೋಡಿ ಕತ್ತಲಲ್ಲಿ ಸೈಕಲ್ ತುಳಿದು ಮರಳುವುದು ಸಲ್ಲದು. ಅಂದು ಆಗುಂಬೆಯಲ್ಲಿಯೇ ತಂಗಬೇಕು. ಘಾಟಿಯ ಕೆಳಗಿನ ತಿರುವುಗಳಲ್ಲಿ ಸೈಕಲ್ ಇಳಿಸುವುದು ಬ್ರೇಕಿನ ಮೇಲೆ ಪೂರ್ಣ ಭರವಸೆ ಇದ್ದವರಿಗೆ ಮಾತ್ರ.

ವಸತಿ ಮತ್ತು ಅನುಮತಿ

ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ವಸತಿಗೃಹಗಳಿವೆ. ಹಳ್ಳಿಗಳಲ್ಲಿ ತಂಗಲು ಬಯಸುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿರುವ ಹೋಂಸ್ಟೇಗಳನ್ನು ಆಯ್ದುಕೊಳ್ಳುವುದು ಸೂಕ್ತ. ನೋಂದಣಿ ಪತ್ರವನ್ನು ತೋರಿಸುವಂತೆ ಕೇಳಲು ಅತಿಥಿಗಳು ಸಂಕೋಚಪಡಬೇಕಾಗಿಲ್ಲ. ಗುರುತಿನ ಚೀಟಿಯ ಮೂಲ ಪ್ರತಿ ಜೊತೆಯಲ್ಲಿರಬೇಕು. ವಿದೇಶಿಯರು ತಂಗಿದಲ್ಲಿ ಆತಿಥೇಯರು 24 ಗಂಟೆಗಳೊಳಗೆ ಮಾಹಿತಿ ಸಲ್ಲಿಸುವುದು ಕಡ್ಡಾಯ. ಅರಣ್ಯ ಮತ್ತು ವನ್ಯಜೀವಿಧಾಮದ ವ್ಯಾಪ್ತಿಯಲ್ಲಿ ಡೇರೆ ಹಾಕುವುದು, ಬೆಂಕಿ ಹೊತ್ತಿಸುವುದು ನಿಷಿದ್ಧ. ಅಲ್ಲಿನ ಚಾರಣ ದಾರಿಗಳಿಗೆ ಅರಣ್ಯ ಇಲಾಖೆಯ ಪೂರ್ವಾನುಮತಿ ಬೇಕಾಗುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಸೈಕಲ್ ತುಳಿಯಲು ಯಾವುದೇ ಅನುಮತಿಯಾಗಲಿ ಶುಲ್ಕವಾಗಲಿ ಇರುವುದಿಲ್ಲ. ಯಾರಾದರೂ ಕೇಳಿದಲ್ಲಿ ರಸೀದಿ ಪಡೆಯದೆ ಹಣ ನೀಡಬಾರದು.

ಸಂಜೆಯ ನಂತರ ರಸ್ತೆಗಳಲ್ಲಿ ಕಾಡುಕೋಣ, ಕಾಡುಹಂದಿಗಳ ಓಡಾಟ ಇರುತ್ತದೆ. ಐದೂವರೆಯೊಳಗೆ ಆ ದಿನದ ತಂಗುದಾಣವನ್ನು ಸೇರಿಕೊಳ್ಳತಕ್ಕದ್ದು. ಒಳರಸ್ತೆಗಳಲ್ಲಿ ಮೊಬೈಲ್ ಸಂಪರ್ಕ ಆಗಾಗ ಕಡಿದುಹೋಗುವುದರಿಂದ ಆ ದಿನದ ಮಾರ್ಗವನ್ನು ಬರೆದು ತಂಗಿದ್ದ ಮನೆಯಲ್ಲಿ ಕೊಟ್ಟು ಹೊರಡುವುದು ಲೇಸು. ಟ್ಯೂಬು, ಪಂಪು, ಬ್ರೇಕಿನ ತಂತಿಗಳನ್ನು ಜೊತೆಯಲ್ಲಿಯೇ ತರಬೇಕು. ಸೈಕಲ್ ದುರಸ್ತಿ ಅಂಗಡಿಗಳು ತಾಲ್ಲೂಕು ಕೇಂದ್ರಗಳಲ್ಲಿದ್ದರೂ ಗೇರುಳ್ಳ ಹೊಸ ಮಾದರಿಯ ಸೈಕಲ್ಲುಗಳ ಬಿಡಿಭಾಗ ದೊರೆಯುವ ಸಂಭವ ಕಡಿಮೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ. ರಾಷ್ಟ್ರೀಯ ಹೆದ್ದಾರಿ ಇದ್ದು ಭಾರಿ ವಾಹನಗಳ ದಟ್ಟಣೆ ಇರುವುದರಿಂದ, ಈ ಕೊನೆಯ ಹಂತದಲ್ಲಿ ಸೈಕಲ್ಲನ್ನು ಬಸ್ಸಿನಲ್ಲಿ ಹಾಕಿಕೊಂಡು ಹೋಗುವುದೇ ಸರಿ. ದಾರಿಯಲ್ಲಿ ತುಂಗೆಯ ನಡುಗಡ್ಡೆಗಳಲ್ಲಿರುವ ಮಂಡಗದ್ದೆ ಪಕ್ಷಿಧಾಮ ಸಿಗುತ್ತದೆ. ಮಳೆಗಾಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ಸೈಕಲ್ ಪ್ರವಾಸದ ತಿಂಗಳುಗಳ ಹೊತ್ತಿಗೆ ಬಹುಪಾಲು ಮರಿಗಳೊಡನೆ ಹಾರಿಹೋಗಿರುತ್ತವೆ.